ಗಾಜು ಮತ್ತು ಕನ್ನಡಿ: ಸ್ಪೇನಿನಲ್ಲಿ ಏಳು ದಿನ

ಮೊದಲನೆಯ ದಿನ: ಆವಿಲಾ

ಮಡ್ರಿಡ್‌ನಿಂದ ಹೊರಟ ರೈಲು ಬೆಳಿಗ್ಗೆ ಹತ್ತರ ಹೊತ್ತಿಗೆ ಆವಿಲಾ ತಲುಪಿತು. ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವ ಈ ಊರಿನಲ್ಲಿ ಅಕ್ಟೋಬರ್ ಕೊನೆಯ ಗಾಳಿ ಆಗಲೇ ಚಳಿಗಾಲದ ಗಾಳಿಯಾಗಿತ್ತು. ಕೋಟೆಯೊಳಗೆ ಹೋಗುವ ಮೊದಲು ಅದನ್ನು ಹೊರಗಿನಿಂದ ನೋಡಬೇಕೆಂದು ಅದಾಹಾ ನದಿಯನ್ನು ದಾಟಿ, ನಾಲ್ಕು ಕಂಬಗಳ ನಡುವೆ ಶಿಲುಬೆ ನಿಂತಿರುವ ದಿಬ್ಬಕ್ಕೆ ಹೋದೆ. ಹದಿನಾರನೆಯ ಶತಮಾನದ ಕ್ರೈಸ್ತ ಅನುಭಾವಿ, ಈ ಊರಿನ ಸಂತ ತೆರೇಸಾ ಬಾಲ್ಯದಲ್ಲಿ ಸಹೋದರ ರೊದ್ರಿಗೊನ ಜೊತೆಗೆ ಮನೆಬಿಟ್ಟು ಹೊರಟಾಗ ಚಿಕ್ಕಪ್ಪ ಅವರನ್ನು ಹಿಡಿದು ಹಿಂದಕ್ಕೆ ಕರೆತಂದದ್ದು ಇಲ್ಲಿಂದಲೇ ಎಂದು ಊರವರು ಹೇಳುತ್ತಾರೆ. ಮಕ್ಕಳು ಹೊರಟದ್ದು ಮುಸ್ಲಿಮರ ನಾಡಿಗೆ. ಅಲ್ಲಿ ತಲೆ ಕಡಿಸಿಕೊಂಡು ಬೇಗನೆ ಸ್ವರ್ಗ ಸೇರಬೇಕೆಂಬುದು ತಮ್ಮ ಆಸೆಯಾಗಿತ್ತೆಂದು ತೆರೇಸಾ ತಮ್ಮ ಆತ್ಮಕಥೆಯ ಮೊದಲ ಪುಟಗಳಲ್ಲಿಯೇ ಬರೆದಿದ್ದಾರೆ.

ಹಾಗೆ ಹೊರಟ ಬಾಲಕಿ ಮುಂದೆ ಪ್ರಾರ್ಥನೆಯ ಕುರಿತು ಬರೆಯಲು ಕುಳಿತಾಗ ಅವರ ಲೇಖನಿಗೆ ತಾನಾಗಿ ಬಂದ ಮಾತುಗಳಲ್ಲಿ ಕೆಲವು ಅರಬ್ಬಿ ಮೂಲದವು. ಆತ್ಮವೆಂಬ ತೋಟಕ್ಕೆ ನೀರುಣಿಸುವ ನಾಲ್ಕು ಬಗೆಗಳನ್ನು ಅವರು ವಿವರಿಸುತ್ತಾರೆ: ಬಾವಿಯಿಂದ ಕೈಯಾರೆ ಸೇದುವುದು, ಕೊಡಗಳನ್ನು ಕಟ್ಟಿದ ಚಕ್ರದಿಂದ ಎತ್ತುವುದು, ಹೊಳೆಯ ನೀರನ್ನು ಹರಿಸಿಕೊಳ್ಳುವುದು, ಕೊನೆಗೆ ಮಳೆ. ಎರಡನೆಯ ಬಗೆಯಲ್ಲಿ ಬರುವ ಚಕ್ರಕ್ಕೆ ಅವರು ಬಳಸುವ 'ನೋರಿಯಾ' ಎಂಬ ಪದವೂ ಅದರ ಕೊಡಗಳಿಗೆ ಬಳಸುವ 'ಅರ್ಕದೂಸ್' ಎಂಬ ಪದವೂ ಅರಬ್ಬಿಯಿಂದ ಸ್ಪ್ಯಾನಿಷಿಗೆ ಬಂದವು. ಪದಗಳಷ್ಟೇ ಅಲ್ಲ, ವಿಚಾರದ ಜಾಡೂ ಹತ್ತಿರದ್ದು. ಸಾಧಕನ ಶ್ರಮ ಮೆಟ್ಟಿಲು ಮೆಟ್ಟಿಲಾಗಿ ಕಡಿಮೆಯಾಗಿ, ಕೊನೆಯಲ್ಲಿ ಏನಿದ್ದರೂ ಮೇಲಿನಿಂದ ಸುರಿಯುವ ಕೃಪೆಯೇ ಉಳಿಯುತ್ತದೆ ಎಂಬುದು ತೆರೇಸಾರ ಮಾತು. 1072ರಲ್ಲಿ ತೀರಿಕೊಂಡ ಸೂಫಿ ಆಚಾರ್ಯ ಅಲ್ ಖುಷೈರಿ ಸಾಧನೆಯ ನೆಲೆಗಳನ್ನೂ ಸ್ಥಿತಿಗಳನ್ನೂ ಬೇರ್ಪಡಿಸುವಾಗ, ನೆಲೆಗಳು ಗಳಿಕೆ, ಸ್ಥಿತಿಗಳು ಕೊಡುಗೆ ಎನ್ನುತ್ತಾರೆ. ಇವರಿಬ್ಬರನ್ನೂ ನಾನು ವರ್ಷಗಟ್ಟಲೆ ಬೇರೆ ಬೇರೆ ಕಪಾಟುಗಳಿಂದ ತೆಗೆದು ಓದಿದ್ದೆ. ಎರಡು ಅನುಭಾವ ಪರಂಪರೆಗಳೂ ಬಾಳಿದ ಒಂದು ನೆಲವನ್ನು ನಡೆದು ನೋಡಬೇಕೆಂಬ ಹಂಬಲವೇ ಈ ಪ್ರಯಾಣಕ್ಕೆ ಕಾರಣ.

ಮಧ್ಯಾಹ್ನ ಕೋಟೆಗೋಡೆಯ ಮೇಲೆ ನಡೆದೆ. ಸುಮಾರು 2.5 ಕಿಲೋಮೀಟರ್ ಸುತ್ತಳತೆಯ ಈ ಗೋಡೆಯ ನೆರಳಿನಲ್ಲಿ ಬೆಳೆದವರು ಆತ್ಮವನ್ನು ಕೋಟೆಯೆಂದು ಕಂಡದ್ದರಲ್ಲಿ ಅಚ್ಚರಿಯಿಲ್ಲ ಎಂದು ಮೊದಲು ಅನಿಸಿತು. ಆದರೆ 1577ರಲ್ಲಿ ಅವರು ಬರೆದ ಅಂತರಂಗದ ಕೋಟೆ ಕಲ್ಲಿನದಲ್ಲ. ಅದು ವಜ್ರದ ಅಥವಾ ತಿಳಿ ಸ್ಫಟಿಕದ ಕೋಟೆ; ಅದರಲ್ಲಿ ಒಂದರೊಳಗೊಂದರಂತೆ ಏಳು ನಿವಾಸಗಳು; ನಟ್ಟನಡುವಿನದರಲ್ಲಿ ಅರಸನಿದ್ದಾನೆ. ಪೋರ್ಟೊರಿಕೊದ ವಿದ್ವಾಂಸೆ ಲೂಸೆ ಲೋಪೆಸ್ ಬರಾಲ್ತ್ ಇದೇ ಚಿತ್ರವನ್ನು ಬಾಗ್ದಾದಿನ ಸೂಫಿ ಅಬುಲ್ ಹಸನ್ ಅಲ್ ನೂರಿಯವರ ಬರಹದಲ್ಲಿ ತೋರಿಸಿಕೊಟ್ಟಿದ್ದಾರೆ. ನೂರಿಯವರ ಪ್ರಕಾರ ದೇವರು ವಿಶ್ವಾಸಿಯ ಹೃದಯದಲ್ಲಿ ಏಳು ಕೋಟೆಗಳನ್ನು ಒಂದರ ಸುತ್ತ ಒಂದರಂತೆ ಕಟ್ಟಿದ್ದಾನೆ. ಹೊರಗಿನದು ಮಣ್ಣಿನದು, ಒಳಗಿನದು ಮಾಣಿಕ್ಯದ್ದು. ಕೋಟೆಯ ಹೊರಗೆ ಸೈತಾನ ನಾಯಿಯಂತೆ ಬೊಗಳುತ್ತಾನೆ. ತೆರೇಸಾರ ಕೋಟೆಯ ಹೊರಗೂ ಹಾವು ಹಲ್ಲಿಗಳು ತೆವಳುತ್ತವೆ. ನಡುವೆ ಏಳು ಶತಮಾನಗಳಿಗೆ ಹತ್ತಿರದ ಅಂತರವಿದೆ. ತೆರೇಸಾರಿಗೆ ಅರಬ್ಬಿ ಬರುತ್ತಿರಲಿಲ್ಲ. ದಾರಿ ಯಾವುದೆಂದು ಯಾರೂ ನಿಸ್ಸಂದೇಹವಾಗಿ ತೋರಿಸಿಲ್ಲ; ಆದರೂ ಇಷ್ಟು ಹತ್ತಿರದ ಹೋಲಿಕೆಯನ್ನು ಕಾಕತಾಳೀಯವೆಂದು ಪಕ್ಕಕ್ಕೆ ಸರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಸಂಜೆ ಗೋಡೆಯ ಹೊರಗಿರುವ ಎನ್ಕಾರ್ನಾಸಿಯೋನ್ ಕನ್ಯಾಮಠಕ್ಕೆ ಹೋದೆ. ತೆರೇಸಾ 1535ರಲ್ಲಿ ಸನ್ಯಾಸಿನಿಯಾಗಲು ಬಂದದ್ದು ಇಲ್ಲಿಗೆ. ತೆರೇಸಾರ ಜೊತೆಗಾರರೂ ಕವಿಯೂ ಆಗಿದ್ದ ಶಿಲುಬೆಯ ಸಂತ ಯೋಹಾನರು 1572ರಿಂದ ಐದು ವರ್ಷ ಇಲ್ಲಿಯ ಸನ್ಯಾಸಿನಿಯರ ಪಾಪನಿವೇದನೆಯ ಗುರುವಾಗಿದ್ದರು. ಅವರು ಬಿಡಿಸಿದ ಅಂಗೈಗಿಂತ ಚಿಕ್ಕದಾದ ಒಂದು ರೇಖಾಚಿತ್ರವನ್ನು ಇಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಶಿಲುಬೆಗೇರಿದ ಕ್ರಿಸ್ತನನ್ನು ಅದು ಮೇಲಿನಿಂದ, ತಂದೆಯಾದ ದೇವರು ನೋಡುವ ಕೋನದಿಂದಲೋ ಎಂಬಂತೆ, ತೋರಿಸುತ್ತದೆ. ಭಾರಕ್ಕೆ ಜೋತ ತೋಳುಗಳು, ಬಾಗಿದ ಕತ್ತು. ಈ ಪ್ರಯಾಣದ ಮೊದಲ ದಿನವೇ ಇದನ್ನು ಕಂಡದ್ದು ಒಳ್ಳೆಯದಾಯಿತು. ಹೋಲಿಕೆಗಳ ಸಂತೋಷದಲ್ಲಿ ತೇಲುತ್ತಿದ್ದ ನನ್ನನ್ನು ಅದು ನಿಲ್ಲಿಸಿತು. ಅನುಭಾವದ ಎತ್ತರ ಏರಿದವರು ಕ್ರಿಸ್ತನ ಮಾನುಷ ದೇಹವನ್ನು ಕುರಿತ ಧ್ಯಾನವನ್ನು ಹಿಂದೆ ಬಿಡಬೇಕೆಂದು ಹೇಳುತ್ತಿದ್ದ ಗ್ರಂಥಗಳನ್ನು ತೆರೇಸಾ ಕಟುವಾಗಿ ವಿರೋಧಿಸಿದ್ದರು. ನೋವುಂಡ ಈ ದೇಹವೇ ಅವರಿಗೆ ಬಾಗಿಲು, ದಾರಿ, ಜೊತೆಗಾರ. ಕುರ್‌ಆನ್ ಈಸಾರನ್ನು, ಅಂದರೆ ಯೇಸುವನ್ನು, ಪ್ರವಾದಿಯೆಂದು ಗೌರವಿಸುತ್ತದೆ, ಆದರೆ ದೇವರು ಮನುಷ್ಯನಾದನೆಂಬುದನ್ನಾಗಲಿ ಈ ಶಿಲುಬೆಯ ಮರಣವನ್ನಾಗಲಿ ಒಪ್ಪುವುದಿಲ್ಲ. ಎರಡು ದಾರಿಗಳ ನಡುವಿನ ಕಣಿವೆ ಇಲ್ಲಿದೆ, ಮತ್ತು ಅದನ್ನು ಸಿಹಿಮಾತುಗಳಿಂದ ಮುಚ್ಚುವುದು ಎರಡೂ ಕಡೆಯವರಿಗೆ ಮಾಡುವ ಅನ್ಯಾಯ.

ಎರಡನೆಯ ದಿನ: ಅರೇವಲೊ

ಆವಿಲಾ ಪ್ರಾಂತ್ಯದ ಉತ್ತರಕ್ಕಿರುವ ಈ ಪುಟ್ಟ ಊರಿಗೆ ಪ್ರವಾಸಿಗರು ಬರುವುದು ಕಡಿಮೆ. ಪಕ್ಕದ ಫೊಂತಿವೆರೊಸ್‌ನಲ್ಲಿ 1542ರಲ್ಲಿ ಹುಟ್ಟಿದ ಯೋಹಾನರು, ತಂದೆ ತೀರಿಕೊಂಡ ಮೇಲೆ ನೇಯ್ಗೆ ಮಾಡಿ ಬದುಕುತ್ತಿದ್ದ ತಾಯಿಯೊಂದಿಗೆ ಕೆಲಕಾಲ ಇಲ್ಲಿ ಇದ್ದರು. ನಾನು ಬಂದದ್ದು ಇನ್ನೊಬ್ಬರನ್ನು ನೆನೆಯಲು. ಹದಿನಾರನೆಯ ಶತಮಾನದ ಮೊದಲ ದಶಕಗಳಲ್ಲಿ ಬರೆದ, 'ಅರೇವಲೊದ ಯುವಕ' ಎಂಬ ಹೆಸರಿನಿಂದಷ್ಟೇ ನಮಗೆ ತಿಳಿದಿರುವ ಒಬ್ಬ ಗುಪ್ತ ಮುಸ್ಲಿಮ ಇದ್ದ. ಬಲವಂತವಾಗಿ ಕ್ರೈಸ್ತರಾದ ಮುಸ್ಲಿಮರನ್ನು ಮೊರಿಸ್ಕೊ ಎಂದು ಕರೆಯುತ್ತಿದ್ದರು. ಅವರು ತಮ್ಮ ಧರ್ಮಗ್ರಂಥಗಳನ್ನು ಸ್ಪ್ಯಾನಿಷ್ ಭಾಷೆಯಲ್ಲಿ, ಆದರೆ ಅರಬ್ಬಿ ಲಿಪಿಯಲ್ಲಿ, ಗುಟ್ಟಾಗಿ ಬರೆದಿಟ್ಟುಕೊಂಡರು. ಈ ಯುವಕನೂ ಹಾಗೆಯೇ ಬರೆದವನು. ಅವನ ಬರಹವನ್ನು ಪರಿಶೀಲಿಸಿದ ವಿದ್ವಾಂಸರಿಗೆ ಅದರಲ್ಲಿ ಕ್ರೈಸ್ತ ಸನ್ಯಾಸಿ ಥಾಮಸ್ ಅ ಕೆಂಪಿಸ್ ಅವರ 'ಕ್ರಿಸ್ತಾನುಕರಣೆ'ಯ ಭಾಗಗಳು ಕಂಡವು. ಕ್ರಿಸ್ತನ ಹೆಸರಿರುವ ಕಡೆಗಳನ್ನು ತಿದ್ದಿ, ಇಸ್ಲಾಮಿನ ಭಕ್ತಿಬೋಧೆಯಾಗಿ ಅವನು ಅವನ್ನು ಹೊಲಿದುಕೊಂಡಿದ್ದ.

ಇದನ್ನು ಕೃತಿಚೌರ್ಯ ಎನ್ನುವವರಿದ್ದಾರೆ. ನನಗೆ ಕಾಣುವುದು ಪುಸ್ತಕಗಳನ್ನು ಕಳೆದುಕೊಂಡ ಒಂದು ಸಮುದಾಯದ ಹಸಿವು. ಸೂಫಿಗಳಿಂದ ಕ್ರೈಸ್ತರು ಪಡೆದರೇ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟವನಿಗೆ ಕೊಡುಕೊಳ್ಳುವಿಕೆ ಎರಡೂ ದಿಕ್ಕಿನಲ್ಲಿ ನಡೆದಿದೆ ಎಂಬುದನ್ನು ಅರೇವಲೊ ಕಲಿಸಿತು.

ಮೂರನೆಯ ದಿನ: ಸೆಗೋವಿಯಾ

ಎರೆಸ್ಮಾ ನದಿಯ ದಡದಲ್ಲಿ, ಬಂಡೆಯ ಮೇಲೆ ನಿಂತ ಅರಮನೆಯ ಕೆಳಗೆ, ತೆರೇಸಾ ಮತ್ತು ಯೋಹಾನರು ಸೇರಿದ್ದ ಸನ್ಯಾಸಿ ಸಂಘವಾದ ಕಾರ್ಮೆಲ್ ಸಭೆಯ ಮಠವಿದೆ. ಯೋಹಾನರ ಸಮಾಧಿ ಇರುವುದು ಇಲ್ಲಿಯೇ. ಏನೂ ಬೇಡವೆಂದು ಬದುಕಿದವರಿಗೆ ಅಮೃತಶಿಲೆ ಮತ್ತು ಕಂಚಿನ ಅಷ್ಟು ದೊಡ್ಡ ಗೋರಿ ಒಪ್ಪುವುದಿಲ್ಲವೆಂದು ನನಗನಿಸಿತು. ಹಾಗಾಗಿ ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ತೋಟದ ಮೆಟ್ಟಿಲುಗಳ ಮೇಲೆ ಕುಳಿತು ಅವರ 'ಕಾರ್ಮೆಲ್ ಬೆಟ್ಟದ ಆರೋಹಣ'ದ ಎರಡನೆಯ ಭಾಗವನ್ನು ತೆರೆದೆ.

ದೇವರೊಂದಿಗೆ ಆತ್ಮ ಒಂದಾಗುವುದು ಹೇಗೆ ಎಂಬುದಕ್ಕೆ ಯೋಹಾನರು ಅಲ್ಲಿ ಕಿಟಕಿಯ ಗಾಜಿನ ಹೋಲಿಕೆಯನ್ನು ಕೊಡುತ್ತಾರೆ. ಗಾಜಿಗೆ ಕೊಳೆ ಅಂಟಿದ್ದರೆ ಬಿಸಿಲು ಅದನ್ನು ಪೂರ್ತಿಯಾಗಿ ಬೆಳಗಲಾರದು. ತೊಳೆದಷ್ಟೂ ಬೆಳಕು ಹೆಚ್ಚುತ್ತದೆ. ಸಂಪೂರ್ಣ ನಿರ್ಮಲವಾದಾಗ ಗಾಜು ಯಾವುದು, ಕಿರಣ ಯಾವುದು ಎಂದು ತಿಳಿಯದಂತಾಗುತ್ತದೆ. ಆದರೂ ಗಾಜು ಗಾಜಾಗಿಯೇ ಇರುತ್ತದೆ, ಪಾಲ್ಗೊಳ್ಳುವಿಕೆಯಿಂದ ಮಾತ್ರ ಅದು ಬೆಳಕು. ಸೃಷ್ಟಿಕರ್ತ ಮತ್ತು ಸೃಷ್ಟಿಯ ನಡುವಿನ ಗೆರೆಯನ್ನು ಪ್ರೇಮದ ತುತ್ತತುದಿಯಲ್ಲಿಯೂ ಅಳಿಸದ ಎಚ್ಚರ ಈ ಹೋಲಿಕೆಯಲ್ಲಿದೆ.

1165ರಲ್ಲಿ ಇದೇ ಸ್ಪೇನಿನ ಮುರ್ಸಿಯಾದಲ್ಲಿ ಹುಟ್ಟಿದ ಸೂಫಿ ಇಬ್ನ್ ಅರಬಿ ಆರಿಸಿಕೊಂಡದ್ದು ಕನ್ನಡಿಯನ್ನು. ಅವರ ದೃಷ್ಟಿಯಲ್ಲಿ ಜಗತ್ತು ಉಜ್ಜದೆ ಬಿಟ್ಟ ಕನ್ನಡಿಯಂತಿತ್ತು. ಮನುಷ್ಯನೇ ಆ ಕನ್ನಡಿಯ ಹೊಳಪಾಗಿ ಬಂದ. ದೇವರು ತನ್ನನ್ನು ತಾನು ಅದರಲ್ಲಿ ಕಂಡ. ನೋಡುವವನು ತನ್ನ ರೂಪವನ್ನು ಕಾಣುವಾಗ ಕನ್ನಡಿ ಅವನಿಗೆ ಕಾಣುವುದೇ ಇಲ್ಲವೆಂದೂ ಅವರು ಹೇಳುತ್ತಾರೆ. ಗಾಜಿನಲ್ಲಿ ಬೆಳಕು ಹಾಯ್ದು ಬರುತ್ತದೆ, ಕನ್ನಡಿಯಲ್ಲಿ ಮರಳಿ ಹೋಗುತ್ತದೆ. ಒಂದರಲ್ಲಿ ದೇವರು ಆತ್ಮದೊಳಗೆ ಬಂದು ನೆಲೆಸುತ್ತಾನೆ. ಇನ್ನೊಂದರಲ್ಲಿ ನಿಜವಾಗಿ ಇರುವವನು ಒಬ್ಬನೇ, ಉಳಿದದ್ದೆಲ್ಲ ಅವನ ತೋರಿಕೆ. ಅವನಲ್ಲದೆ ಬೇರೆ ದೇವರಿಲ್ಲ ಎಂಬ ತೌಹೀದಿನ ಮಾತನ್ನು ಇಬ್ನ್ ಅರಬಿಯವರು ಅವನಲ್ಲದೆ ಬೇರೇನೂ ಇಲ್ಲ ಎನ್ನುವವರೆಗೆ ಕೊಂಡೊಯ್ದರೆಂದು ಅನೇಕ ಮುಸ್ಲಿಂ ಪಂಡಿತರೇ ಅವರ ಮೇಲೆ ಸಿಟ್ಟಾದರು. ಎರಡೂ ಹೋಲಿಕೆಗಳಿಗೆ ಸಮಾನವಾದದ್ದು ಒಂದು ಕೆಲಸ, ಒರೆಸುವುದು. ಸಾಧಕನ ಪಾಲಿಗೆ ಬಂದಿರುವ ಕೆಲಸವೂ ಅದೊಂದೇ.

ನಾಲ್ಕನೆಯ ದಿನ: ತೊಲೇದೊ

ಈ ದಿನದ ಬಗ್ಗೆ ಹೆಚ್ಚು ಬರೆಯಬೇಕಾಗಿದೆ. ತಾಹೊ ನದಿಯ ಕಡಿದಾದ ದಡದ ಮೇಲೆ, ಅಲ್ಕಾಂತರಾ ಸೇತುವೆಗೆ ದೂರವಲ್ಲದ ಕಡೆ, ಒಂದು ಕಾಲಕ್ಕೆ ಕಾರ್ಮೆಲ್ ಸಭೆಯ ಮಠವಿತ್ತು. ಈಗ ಅದು ಇಲ್ಲ. ಸಭೆಯನ್ನು ಕಟ್ಟುನಿಟ್ಟಿನ ಸರಳ ಬದುಕಿಗೆ ಮರಳಿಸುವ ತೆರೇಸಾರ ಸುಧಾರಣೆಯನ್ನು ವಿರೋಧಿಸುತ್ತಿದ್ದ ಸ್ವಂತ ಸಭೆಯ ಸನ್ಯಾಸಿಗಳೇ 1577ರ ಡಿಸೆಂಬರಿನ ಮೊದಲ ದಿನಗಳಲ್ಲಿ ಯೋಹಾನರನ್ನು ಆವಿಲಾದಿಂದ ಹಿಡಿದು ತಂದು ಈ ಮಠದಲ್ಲಿ ಕೂಡಿಹಾಕಿದರು. ತೆರೇಸಾ ಕೋಟೆಯ ಪುಸ್ತಕವನ್ನು ಮುಗಿಸಿ ಆಗ ಒಂದು ವಾರವೂ ಆಗಿರಲಿಲ್ಲ. ಆರು ಅಡಿ ಅಗಲ, ಹತ್ತು ಅಡಿ ಉದ್ದದ ಕತ್ತಲ ಕೋಣೆ. ಎತ್ತರದಲ್ಲಿ ಒಂದು ಸೀಳುಕಂಡಿ. ಊಟದ ಮನೆಯಲ್ಲಿ ಎಲ್ಲರೆದುರು ಚಾಟಿಯೇಟು. ಸುಮಾರು ಒಂಬತ್ತು ತಿಂಗಳು ಹೀಗೆ ಕಳೆದು, 1578ರ ಆಗಸ್ಟಿನಲ್ಲಿ ಹೊದಿಕೆಗಳನ್ನು ಸೀಳಿ ಹಗ್ಗ ಮಾಡಿಕೊಂಡು ಕಿಟಕಿಯಿಂದ ಇಳಿದು ತಪ್ಪಿಸಿಕೊಂಡರು. 'ಆಧ್ಯಾತ್ಮಿಕ ಗೀತೆ'ಯ ಮೊದಲ ಮೂವತ್ತರಷ್ಟು ಪದ್ಯಗಳು ಹುಟ್ಟಿದ್ದು ಆ ಕೋಣೆಯಲ್ಲಿ. ಸೇತುವೆಯ ಮೇಲೆ ನಿಂತು ನೀರಿನ ಸದ್ದನ್ನು ಕೇಳುತ್ತಿದ್ದಾಗ, ಬೆಟ್ಟ, ಕಣಿವೆ, ಮೊರೆಯುವ ನದಿಗಳೇ ನನ್ನ ಪ್ರಿಯ ಎಂದು ಆ ಗೀತೆಯ ವಧು ಹೇಳುವುದು ನೆನಪಾಯಿತು.

ಬಿಡುಗಡೆಯ ನಂತರ ಅವರು ಬರೆದ 'ಕತ್ತಲ ಇರುಳು' ಹೋಲಿಕೆಯ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ದೇವರು ದೂರವಾದಂತೆ, ಪ್ರಾರ್ಥನೆ ಬರಡಾದಂತೆ ತೋರುವ ಅವಸ್ಥೆಯನ್ನು ಯೋಹಾನರು ಶಿಕ್ಷೆಯೆನ್ನದೆ, ಹತ್ತಿರ ಬಂದ ಬೆಳಕಿನ ಪ್ರಖರತೆಯೆಂದು ವಿವರಿಸಿದರು. ಸ್ಪೇನಿನ ಕ್ಯಾಥೊಲಿಕ್ ಪಾದ್ರಿಯೂ ಅರಬ್ಬಿ ವಿದ್ವಾಂಸರೂ ಆಗಿದ್ದ ಮಿಗೆಲ್ ಆಸೀನ್ ಪಲಾಸಿಯೊಸ್ 1933ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೊಬ್ಬ ಪೂರ್ವಸೂರಿಯನ್ನು ಗುರುತಿಸಿದರು: ದಕ್ಷಿಣ ಸ್ಪೇನಿನ ರೊಂದಾದಲ್ಲಿ ಹುಟ್ಟಿ, 1390ರಲ್ಲಿ ಮೊರಾಕ್ಕೊದ ಫೆಸ್ ನಗರದಲ್ಲಿ ತೀರಿಕೊಂಡ ಇಬ್ನ್ ಅಬ್ಬಾದ್. ಇವರು ಶಾದಿಲಿ ಪಂಥದ ಸೂಫಿ. ಅದೇ ಪಂಥದ ಆಚಾರ್ಯ ಇಬ್ನ್ ಅತಾವುಲ್ಲಾ ಅವರ ಸೂಕ್ತಿಗಳಿಗೆ ವ್ಯಾಖ್ಯಾನ ಬರೆದವರು. ಸೂಫಿಗಳಲ್ಲಿ 'ಕಬ್ದ್' ಮತ್ತು 'ಬಸ್ತ್' ಎಂಬ ಜೋಡಿ ಮಾತುಗಳಿವೆ. ಮೊದಲನೆಯದು ಹೃದಯದ ಸಂಕೋಚ, ಎರಡನೆಯದು ವಿಕಾಸ. ವಿಕಾಸದ ಹಗಲಿನ ಬೆಳಕಿನಲ್ಲಿ ನೀನು ಪಡೆಯದೆ ಹೋದುದನ್ನು ಸಂಕೋಚದ ಇರುಳಿನಲ್ಲಿ ಅವನು ನಿನಗೆ ಕೊಟ್ಟಾನು ಎನ್ನುತ್ತದೆ ಆ ಸೂಕ್ತಿಗಳಲ್ಲೊಂದು. ಇದನ್ನು ಯೋಹಾನರ ಪುಟಗಳ ನಡುವೆ ಇಟ್ಟರೆ ಹೊಲಿಗೆ ಕಾಣಿಸದು.

ಆಸೀನ್ ಅವರ ವಾದವನ್ನು ಎಲ್ಲರೂ ಒಪ್ಪಿಲ್ಲ. ಇರುಳಿನ ಮಾತು ಯೋಹಾನರಿಗೆ ಕ್ರೈಸ್ತ ಮೂಲಗಳಿಂದಲೇ ಸಿಗಬಹುದಾಗಿತ್ತು. ಸಿನಾಯ್ ಬೆಟ್ಟದ ಮೋಡದೊಳಗೆ ಮೋಶೆ ಹೊಕ್ಕ ಪ್ರಸಂಗವನ್ನು ನಾಲ್ಕನೆಯ ಶತಮಾನದಲ್ಲಿಯೇ ನಿಸ್ಸಾದ ಗ್ರೆಗೊರಿಯವರು ದೈವದ ಕತ್ತಲಿನ ರೂಪಕವಾಗಿ ಬೆಳೆಸಿದ್ದರು. ನನಗೆ ಮುಖ್ಯವೆನಿಸುವುದು ಇನ್ನೊಂದು ವ್ಯತ್ಯಾಸ. ಇಬ್ನ್ ಅಬ್ಬಾದರಲ್ಲಿ ಸಂಕೋಚ ಮತ್ತು ವಿಕಾಸ ಉಸಿರಾಟದಂತೆ ಮರಳಿ ಮರಳಿ ಬರುತ್ತವೆ, ಸಾಧಕ ಎರಡಕ್ಕೂ ಅಂಟಿಕೊಳ್ಳಬಾರದು. ಯೋಹಾನರ ಇರುಳಿಗೆ ಒಂದು ಕಥೆಯ ನಡೆಯಿದೆ: ಮುಸ್ಸಂಜೆ, ನಡುರಾತ್ರಿ, ಬೆಳಗಿನ ಜಾವ. ಆ ನಡೆಯ ಹಿಂದೆ ಕ್ರಿಸ್ತನ ಶುಕ್ರವಾರದ ಮರಣವೂ ಭಾನುವಾರದ ಪುನರುತ್ಥಾನವೂ ಇವೆ.

ಸಂಜೆ ಕಂಡ ಕಟ್ಟಡವನ್ನು ಹೇಳದೆ ಮುಂದೆ ಹೋಗಲಾರೆ. 999ರಲ್ಲಿ ಕಟ್ಟಿದ ಒಂದು ಪುಟ್ಟ ಮಸೀದಿ ಇಲ್ಲಿದೆ. ಒಂಬತ್ತು ಅಂಕಣಗಳು, ಒಂದರಂತೆ ಇನ್ನೊಂದಿಲ್ಲದ ಒಂಬತ್ತು ಗುಮ್ಮಟಗಳು. ಮುಂದೆ ಅದು ಚರ್ಚಾಯಿತು. ಹೆಸರು 'ಬೆಳಕಿನ ಕ್ರಿಸ್ತ'. 1085ರಲ್ಲಿ ಆರನೆಯ ಅಲ್ಫೊನ್ಸೊ ಊರನ್ನು ಗೆದ್ದು ಒಳಬಂದಾಗ ಕುದುರೆ ಇಲ್ಲಿ ಮಂಡಿಯೂರಿತಂತೆ. ಗೋಡೆಯನ್ನು ಒಡೆದು ನೋಡಿದರೆ ಶಿಲುಬೆಯ ಮುಂದೆ ಶತಮಾನಗಳಿಂದ ಆರದೆ ಉರಿಯುತ್ತಿದ್ದ ದೀಪವಿತ್ತಂತೆ. ಇದು ಗೆದ್ದವರ ಐತಿಹ್ಯ. ಆದರೆ ಗೋಡೆಯ ಗೂಡಿನಲ್ಲಿ ದೀಪ ಎಂದೊಡನೆ ಕುರ್‌ಆನಿನ 24ನೆಯ ಅಧ್ಯಾಯದ 35ನೆಯ ವಚನ ನೆನಪಾಗದಿರುವುದು ಹೇಗೆ? ದೇವರು ಭೂಮ್ಯಾಕಾಶಗಳ ಬೆಳಕು. ಅವನ ಬೆಳಕು ಗೂಡಿನಲ್ಲಿಟ್ಟ ದೀಪದಂತೆ, ದೀಪವು ಗಾಜಿನೊಳಗೆ, ಗಾಜು ಹೊಳೆವ ನಕ್ಷತ್ರದಂತೆ. ಇಸ್ಲಾಮಿನ ಹೆಸರಾಂತ ಪಂಡಿತರೂ ಸೂಫಿಯೂ ಆದ ಅಲ್ ಗಝಾಲಿಯವರು ಈ ಒಂದು ವಚನದ ಸುತ್ತಲೇ 'ದೀಪಗಳ ಗೂಡು' ಎಂಬ ಗ್ರಂಥವನ್ನು ಬರೆದರು. ಬಾಗಿಲು ಮುಚ್ಚುವವರೆಗೆ ಆ ಒಂಬತ್ತು ಗುಮ್ಮಟಗಳ ಕೆಳಗೆ ನಿಂತಿದ್ದೆ.

ಐದನೆಯ ದಿನ: ಕೊರ್ದೊಬಾ

ಮಡ್ರಿಡ್ ಮೂಲಕ ವೇಗದ ರೈಲಿನಲ್ಲಿ ದಕ್ಷಿಣಕ್ಕೆ ಬಂದೆ. ಮಹಾಮಸೀದಿಯ ಕಂಬಗಳ ಕಾಡನ್ನೂ, 1523ರಲ್ಲಿ ಅದರ ನಡುವೆ ಕಟ್ಟಲು ತೊಡಗಿದ ಕ್ಯಾಥೆಡ್ರಲನ್ನೂ ಬಣ್ಣಿಸಿದವರು ಬಹಳ ಜನ. ಪ್ರಾರ್ಥನೆಯ ದಿಕ್ಕನ್ನು ತೋರುವ ಗೂಡಾದ ಮಿಹ್ರಾಬಿನ ಹೊನ್ನಬಣ್ಣದ ಗಾಜಿನ ಚೂರುಗಳನ್ನು ಕ್ರೈಸ್ತ ಬೈಜಾಂಟಿಯಮ್‌ನ ಚಕ್ರವರ್ತಿ ಕುಶಲಕರ್ಮಿಯ ಸಹಿತ ಕಳುಹಿಸಿಕೊಟ್ಟನೆಂದು ಅರಬ್ಬಿ ಚರಿತ್ರಕಾರರು ಬರೆದಿರುವುದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಈ ಊರಿನಲ್ಲಿ 1109ರಲ್ಲಿ ಗಝಾಲಿಯವರ ಮಹಾಗ್ರಂಥವನ್ನು ಮುಸ್ಲಿಂ ಆಡಳಿತವೇ ಸುಡಿಸಿತು. ಸ್ಪೇನಿನ ಕ್ರೈಸ್ತ ವಿಚಾರಣಾಧಿಕಾರಿ 1559ರಲ್ಲಿ ಜನಭಾಷೆಯ ಭಕ್ತಿಗ್ರಂಥಗಳನ್ನು ನಿಷೇಧಿಸಿದಾಗ ತೆರೇಸಾ ಪುಸ್ತಕಗಳನ್ನು ಕಳೆದುಕೊಂಡು ಕಂಗಾಲಾದರು. ನಿನಗೊಂದು ಜೀವಂತ ಪುಸ್ತಕವನ್ನು ಕೊಡುವೆನೆಂಬ ಪ್ರಭುವಿನ ನುಡಿ ಆಗ ಅವರಿಗೆ ಕೇಳಿಸಿತು. ಅನುಭಾವಿಯನ್ನು ಅನುಮಾನದಿಂದ ನೋಡುವುದರಲ್ಲಿ ಎರಡೂ ಧರ್ಮಗಳ ಅಧಿಕಾರಸ್ಥರು ಒಂದೇ ಬಗೆಯವರಾಗಿದ್ದರು.

ಇಬ್ನ್ ಅರಬಿ ಇನ್ನೂ ಗಡ್ಡ ಮೂಡದ ಹುಡುಗನಾಗಿದ್ದಾಗ ತತ್ತ್ವಜ್ಞಾನಿ ಇಬ್ನ್ ರುಶ್ದ್ ಅವರನ್ನು ಕಂಡದ್ದು ಈ ಊರಿನಲ್ಲಿ. ಅಂತರಂಗದ ದರ್ಶನವೂ ತರ್ಕವೂ ತಲುಪುವುದು ಒಂದೇ ಕಡೆಗೋ ಎಂದು ಹಿರಿಯರು ಕೇಳಿದರು. ಹುಡುಗ 'ಹೌದು, ಅಲ್ಲ' ಎಂದ. ಹೌದು ಮತ್ತು ಅಲ್ಲಗಳ ನಡುವೆ ಆತ್ಮಗಳು ಹಾರಿಹೋಗುತ್ತವೆ ಎಂದ. ಹಿರಿಯರ ಮುಖ ಬಿಳಿಚಿತು ಎಂದು ಇಬ್ನ್ ಅರಬಿಯೇ ಬರೆದುಕೊಂಡಿದ್ದಾರೆ. ಇದೇ ಬರಹಗಾರರು ಬೇರೊಂದೆಡೆ, ತನ್ನನ್ನು ಈ ದಾರಿಗೆ ತಿರುಗಿಸಿದ ಮೊದಲ ಗುರು ಈಸಾ ಎಂದು ಹೇಳುತ್ತಾರೆ. ಮುಸ್ಲಿಮನಾಗಿ ಉಳಿದೇ, ಕುರ್‌ಆನಿನ ಈಸಾರನ್ನೇ ಕುರಿತು ಆಡಿದ ಮಾತದು. ನದಿಯಂಚಿನಲ್ಲಿ ನಿಂತಿರುವ ಹಳೆಯ ಮರದ ನೀರ್ಚಕ್ರದ ಮುಂದೆ ಕುಳಿತು ಈ ವಾಕ್ಯವನ್ನೂ, ಆವಿಲಾದಲ್ಲಿ ಕಂಡ ರೇಖಾಚಿತ್ರವನ್ನೂ ಒಟ್ಟಿಗೆ ಯೋಚಿಸಿದೆ. ತೆರೇಸಾ ಹೇಳಿದ ನೋರಿಯಾ ಇದೇ.

ಆರನೆಯ ದಿನ: ಗ್ರನಾದಾ

ಅಲ್ ಹಂಬ್ರಾ ಅರಮನೆಯ ಗೋಡೆಗಳ ಮೇಲೆ 'ದೇವರ ಹೊರತು ಗೆಲ್ಲುವವರಿಲ್ಲ' ಎಂಬ ವಾಕ್ಯ ಲೆಕ್ಕವಿಲ್ಲದಷ್ಟು ಸಲ ಕೆತ್ತಲ್ಪಟ್ಟಿದೆ. ಅದೇ ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿ, ಈಗ ಉದ್ಯಾನವಾಗಿರುವ ಕಡೆ, ಹುತಾತ್ಮರ ಹೆಸರಿನ ಮಠವಿತ್ತು. 1582ರಲ್ಲಿ ಯೋಹಾನರು ಅದರ ಮುಖ್ಯಸ್ಥರಾಗಿ ಬಂದರು. ಅಂದರೆ ಕೆಲವು ವರ್ಷ ಅವರು ದಿನವೂ ಈ ಕೆಂಪು ಗೋಪುರಗಳ ನೆರೆಯಲ್ಲಿ ಎದ್ದರು. ಈ ಸಂಗತಿಯಿಂದ ಅವಸರದ ತೀರ್ಮಾನಕ್ಕೆ ಬರುವವರು ಇನ್ನೆರಡನ್ನು ನೆನಪಿಡಬೇಕು. ಬಿಬ್ ರಂಬ್ಲಾ ಚೌಕದಲ್ಲಿ ಕಾರ್ಡಿನಲ್ ಸಿಸ್ನೆರೊಸ್ ಅರಬ್ಬಿ ಗ್ರಂಥಗಳನ್ನು ರಾಶಿ ಹಾಕಿ ಸುಡಿಸಿದ್ದು 1500ರ ಸುಮಾರಿಗೆ. ಮೊರಿಸ್ಕೊಗಳು ದಂಗೆಯೆದ್ದ ಮೇಲೆ ಅವರನ್ನು ಗ್ರನಾದಾದಿಂದ ಗುಂಪುಗುಂಪಾಗಿ ಹೊರದೂಡಿದ್ದು 1570ರಲ್ಲಿ. ಯೋಹಾನರು ಬಂದಾಗ ಗ್ರಂಥಗಳೂ ಇರಲಿಲ್ಲ, ಅವನ್ನು ಓದುವವರಲ್ಲಿ ಬಹುಮಂದಿಯೂ ಇರಲಿಲ್ಲ. ಉಳಿದಿದ್ದರೆ ಮಾತಿನೊಳಗೆ ಬೆರೆತುಹೋದದ್ದು ಉಳಿದಿರಬೇಕು.

ನೇರವಾದ ಋಣಕ್ಕೆ ಸಾಕ್ಷಿಯೇ ಇಲ್ಲವೆಂದಲ್ಲ. ಅರಬ್ಬಿ ಕಲಿತಿದ್ದ ಮಯೋರ್ಕಾದ ರಾಮೋನ್ ಲ್ಯುಲ್ ಹದಿಮೂರನೆಯ ಶತಮಾನದಲ್ಲಿ ಪ್ರೇಮಿ ಮತ್ತು ಪ್ರಿಯನ ಕುರಿತು ಕಿರುನುಡಿಗಳ ಪುಸ್ತಕ ಬರೆದಾಗ, ಸೂಫಿಗಳ ಮಾದರಿಯನ್ನು ತೆರೆದ ಮನಸ್ಸಿನಿಂದ ನೆನೆದರು. ಮುಸ್ಲಿಮರನ್ನು ಕ್ರೈಸ್ತರನ್ನಾಗಿಸಲು ಜೀವನವಿಡೀ ದುಡಿದವರ ಬಾಯಿಂದ ಬಂದ ಮಾತಾದ್ದರಿಂದ ಅದಕ್ಕೆ ಹೆಚ್ಚಿನ ತೂಕವಿದೆ.

ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು ನಾನು ಬಹಳ ಹೊತ್ತು ಯೋಚಿಸಿದ್ದು ಇನ್ನೊಂದು ಸಾದೃಶ್ಯದ ಬಗ್ಗೆ. ಇಬ್ನ್ ಅರಬಿ ಮೆಕ್ಕಾದಲ್ಲಿ ನಿಝಾಮ್ ಎಂಬ ವಿದುಷಿಯನ್ನು ಕಂಡ ನೆನಪಿನಲ್ಲಿ 'ಹಂಬಲಗಳ ದುಭಾಷಿ' ಎಂಬ ಪ್ರೇಮಕವನಗಳನ್ನು ಬರೆದರು. ತನ್ನ ಹೃದಯ ಎಲ್ಲ ರೂಪಗಳನ್ನೂ ತಾಳಬಲ್ಲದು, ಅದು ಜಿಂಕೆಗಳಿಗೆ ಹುಲ್ಲುಗಾವಲು, ಕ್ರೈಸ್ತ ಸನ್ಯಾಸಿಗಳಿಗೆ ಮಠ ಎಂದು ಹೇಳುವ ಪದ್ಯ ಇರುವುದು ಅದರಲ್ಲಿಯೇ. ಇದು ಬರಿಯ ಶೃಂಗಾರವೆಂದು ಅಲೆಪ್ಪೊದ ಶಾಸ್ತ್ರಜ್ಞರು ಆಕ್ಷೇಪಿಸಿದಾಗ, ಸಾಲು ಸಾಲಿಗೂ ತಾವೇ ವ್ಯಾಖ್ಯಾನ ಬರೆದರು. ಯೋಹಾನರೂ ತಮ್ಮ ಪ್ರೇಮಗೀತೆಗೆ ಸಾಲು ಸಾಲಾಗಿ ವ್ಯಾಖ್ಯಾನ ಬರೆದರು. ಅದು 1584ರಲ್ಲಿ, ಇದೇ ಗ್ರನಾದಾದಲ್ಲಿ, ಕನ್ಯಾಮಠದ ಮುಖ್ಯಸ್ಥೆ ಆನಾ ದೆ ಹೆಸೂಸ್ ಕೇಳಿಕೊಂಡದ್ದರಿಂದ. ಒಬ್ಬರು ಆಪಾದನೆಗೆ ಉತ್ತರವಾಗಿ, ಇನ್ನೊಬ್ಬರು ಶಿಷ್ಯೆಯ ಕೋರಿಕೆಗೆ ಓಗೊಟ್ಟು. ತಮ್ಮ ವಿವರಣೆಗೆ ಓದುಗರು ಕಟ್ಟುಬೀಳಬೇಕಾಗಿಲ್ಲವೆಂದು ಯೋಹಾನರು ಮುನ್ನುಡಿಯಲ್ಲಿ ಹೇಳುತ್ತಾರೆ. ಇಬ್ಬರ ಗದ್ಯವೂ ಪದ್ಯದ ಹಿಂದೆ ಓಡುತ್ತದೆ, ಹಿಡಿಯುವುದಿಲ್ಲ. 'ಪ್ರೇಮದ ಜೀವಜ್ವಾಲೆ'ಯನ್ನೂ ಅವರು ಈ ಊರಿನಲ್ಲಿಯೇ ಬರೆದರು. ಅದರಲ್ಲಿ ಬರುವ 'ಓ ಬೆಂಕಿಯ ದೀಪಗಳೇ' ಎಂಬ ಕರೆ ನನ್ನನ್ನು ಮತ್ತೆ ತೊಲೇದೊದ ಗೂಡಿನ ಮುಂದೆ ನಿಲ್ಲಿಸಿತು.

ಏಳನೆಯ ದಿನ: ಊಬೆದಾ

ಆಲಿವ್ ತೋಪುಗಳ ನಡುವೆ ಎರಡು ಗಂಟೆಗೂ ಹೆಚ್ಚಿನ ಬಸ್ ಪ್ರಯಾಣ. ಅರೇವಲೊದ ಯುವಕ ಗ್ರನಾದಾದಲ್ಲಿ ಕಂಡು ಗುರುವೆಂದು ಗೌರವಿಸಿದ, ತೊಂಬತ್ತು ದಾಟಿದ ಮುಸ್ಲಿಂ ವೃದ್ಧೆಯನ್ನು ಅವನು 'ಊಬೆದಾದ ಮೂರ್ ಹೆಂಗಸು' ಎಂದೇ ಕರೆಯುತ್ತಾನೆ. ಇಬ್ನ್ ಅರಬಿ ಸೆವಿಯದಲ್ಲಿ ಸೇವೆ ಮಾಡಿದ, ಜೊಂಡಿನ ಗುಡಿಸಲು ಕಟ್ಟಿಕೊಟ್ಟ ಸೂಫಿ ಗುರು ಫಾತಿಮಾ ಅವರಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. 'ನಾನು ನಿನ್ನ ಆತ್ಮದ ತಾಯಿ' ಎಂದು ಆಕೆ ಅವರಿಗೆ ಹೇಳುತ್ತಿದ್ದರು. ಈ ಹಿರಿಯ ಹೆಂಗಸರು ತಾವಾಗಿ ಬರೆದದ್ದು ಏನೂ ನಮ್ಮ ಕೈಗೆ ಬಂದಿಲ್ಲ. ಕ್ರೈಸ್ತರ ಕಡೆ ತೆರೇಸಾ ಬರೆದರು, ಅದೂ ಗುರುಗಳ ಅಪ್ಪಣೆಯ ಮೇರೆಗೆ ಬರೆಯುತ್ತಿದ್ದೇನೆಂದು ಮತ್ತೆ ಮತ್ತೆ ಹೇಳಿಕೊಂಡು.

ಯೋಹಾನರು ತೀರಿಕೊಂಡ ಮಠ ಈಗ ವಸ್ತುಸಂಗ್ರಹಾಲಯ ಮತ್ತು ಪ್ರಾರ್ಥನಾಮಂದಿರ. ಕಾಲಿನ ಹುಣ್ಣು ಕೀವುಗಟ್ಟಿ, ಜ್ವರದಿಂದ ಬಳಲಿ ಅವರು ಇಲ್ಲಿಗೆ ಬಂದರು. 1591ರ ಡಿಸೆಂಬರ್ 13ರ ರಾತ್ರಿ ಕೊನೆಯ ಗಳಿಗೆಗಳು ಬಂದ ಹಾಗೆ ಕಂಡಾಗ ಸನ್ಯಾಸಿಗಳು ಸಾಯುವವರಿಗಾಗಿ ಹೇಳುವ ಪ್ರಾರ್ಥನೆಗಳನ್ನು ಆರಂಭಿಸಿದರು. ಅದು ಬೇಡ, ಬೈಬಲಿನ ಪರಮಗೀತೆಯನ್ನು ಓದಿ ಎಂದು ಯೋಹಾನರು ಕೇಳಿಕೊಂಡರು. ಪ್ರಿಯನನ್ನು ಹುಡುಕುವ ವಧುವಿನ ಆ ಹಾಡನ್ನು ಕೇಳುತ್ತ, ನಡುರಾತ್ರಿಯ ಗಂಟೆ ಹೊಡೆದ ಹೊತ್ತಿಗೆ ತೀರಿಕೊಂಡರು. ವಯಸ್ಸು 49. ಡಿಸೆಂಬರ್ 17ರಂದು ಕೊನ್ಯಾದಲ್ಲಿ ತೀರಿಕೊಂಡ ಜಲಾಲುದ್ದೀನ್ ರೂಮಿಯವರ ಮರಣದ ಇರುಳನ್ನು ಅವರ ಅನುಯಾಯಿಗಳು ಇಂದಿಗೂ ಮದುವೆಯ ಇರುಳು ಎಂದೇ ಕರೆಯುತ್ತಾರೆ.

ಮಂದಿರದಲ್ಲಿ ನನ್ನನ್ನು ಬಿಟ್ಟರೆ ಒಬ್ಬ ವೃದ್ಧರು ಮಾತ್ರ ಇದ್ದರು. ಚೀಲದಿಂದ ನನ್ನ ಟಿಪ್ಪಣಿಪುಸ್ತಕವನ್ನು ತೆಗೆದೆ. ಹೊರಡುವ ಮೊದಲು ಅದರ ಎಡಪುಟದಲ್ಲಿ 'ಹಂಬಲಗಳ ದುಭಾಷಿ'ಯ ಆ ಪದ್ಯವನ್ನೂ, ಬಲಪುಟದಲ್ಲಿ 'ಕತ್ತಲ ಇರುಳಿ'ನ ಕೊನೆಯ ಪದ್ಯವನ್ನೂ ಬರೆದುಕೊಂಡಿದ್ದೆ. ಎಡಗಡೆಯದರಲ್ಲಿ ಹೃದಯ ಎಲ್ಲಕ್ಕೂ ಎಡೆಮಾಡಿಕೊಡುತ್ತದೆ. ಬಲಗಡೆಯದರಲ್ಲಿ ವಧು ತನ್ನನ್ನು ಮರೆತು, ಪ್ರಿಯನ ಮೇಲೆ ಮುಖವಿಟ್ಟು, ಚಿಂತೆಯನ್ನೆಲ್ಲ ಲಿಲ್ಲಿ ಹೂಗಳ ನಡುವೆ ಬಿಟ್ಟುಬಿಡುತ್ತಾಳೆ. ಮೊದಲು ಬಲಗಡೆಯದನ್ನು ಓದಿದೆ, ನಂತರ ಎಡಗಡೆಯದನ್ನು, ವೃದ್ಧರಿಗೆ ತೊಂದರೆಯಾಗದಷ್ಟು ಮೆಲುದನಿಯಲ್ಲಿ.